ಅಂಬಾಸಿಡರ್ ಒಳಗಿನ ಲೈಟಿಗೆ ಗುಟ್ಟಾಗಿ ಒಂದು ಕಟ್ ಆಫ್ ಸ್ವಿಚ್: ಲೈಟ್ ಆರದಿದ್ರೆ, ಬ್ಯಾಟ್ರಿ ಇಳಿದ್ರೆ, ಹಾರ್ನ್ ಹೋದ್ರೆ ಎಲ್ಲಿಂದ ಹುಡುಕೋದು

ಹಳೇ ಗಾಡಿ ಇಟ್ಕೊಂಡಿರೋರಿಗೆ ಗೊತ್ತು, ಓಡಿಸೋದಕ್ಕಿಂತ ಬಾಗಿಲು ತೆಗೆದಿಟ್ಟು ಕೆಲಸ ಮಾಡೋ ಹೊತ್ತೇ ಜಾಸ್ತಿ. ಸೀಟ್ ಒರೆಸೋದು, ಬೀಡಿಂಗ್ ಅಂಟಿಸೋದು, ಭಾನುವಾರ ಶೋಗೆ ಹೋದ್ರೆ ಜನ ನೋಡ್ಲಿ ಅಂತ ನಾಲ್ಕೂ ಬಾಗಿಲು ತೆಗೆದಿಡೋದು, ಅಷ್ಟೂ ಹೊತ್ತು ಒಳಗಿನ ಲೈಟ್ ಉರೀತಾನೇ ಇರುತ್ತೆ. 5 ವ್ಯಾಟ್ ಬಲ್ಬ್ ಒಂದು ಅಂದಾಜು 0.4 ಆಂಪಿಯರ್ ಎಳೆಯುತ್ತೆ, ಎರಡಿದ್ರೆ 0.8, ರಾತ್ರಿ ಹತ್ತು ಗಂಟೆ ಮರೆತು ಬಿಟ್ರೆ 8 ಆಂಪಿಯರ್ ಅವರ್ ಹೋಯ್ತು, ಎರಡು ದಿನ ಹಾಗೇ ಬಿಟ್ರೆ ಹಳೇ ಬ್ಯಾಟ್ರಿ ಮುಗಿದ ಹಾಗೆ. ಅದಕ್ಕೇ ಸುಮಾರು ಜನ ಡ್ಯಾಶ್ ಕೆಳಗೆ ಕಣ್ಣಿಗೆ ಬೀಳದ ಹಾಗೆ ಒಂದು ಚಿಕ್ಕ ಸ್ವಿಚ್ ಹಾಕಿಸ್ತಾರೆ. ಒಳ್ಳೇ ಕೆಲಸ, ಆದ್ರೆ ತಪ್ಪು ವೈರ್‌ಗೆ ಹಾಕಿದ್ರೆ ಹೊಸ ತಲೆನೋವು ಶುರುವಾಗುತ್ತೆ, ಸರಿಯಾದ ವೈರ್‌ಗೆ ಹಾಕಿದ್ರೆ ಅದೇ ಸ್ವಿಚ್ ಮುಂದೆ ದೋಷ ಹುಡುಕೋಕೂ ಉಪಯೋಗಕ್ಕೆ ಬರುತ್ತೆ. ಈ ಬರಹ ಪೂರ್ತಿ ಅದರ ಮೇಲೇ.

ನಾನು ಅಂಬಾಸಿಡರ್ ಇಟ್ಕೊಂಡೇ ಹೇಳ್ತೀನಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಬಂದ ಗಾಡಿ ಅದು, ಉತ್ತರಪಾರಾ ಫ್ಯಾಕ್ಟರಿಯಲ್ಲಿ 2014ರವರೆಗೂ ತಯಾರಾಯ್ತು, ಹಾಗಾಗಿ ಒಂದೊಂದು ಕಾಲದ ಗಾಡಿಗೆ ಒಂದೊಂದು ವೈರಿಂಗ್. ಪ್ರೀಮಿಯರ್ ಪದ್ಮಿನಿ ಕಾರ್ ಇಟ್ಕೊಂಡಿರೋರಿಗೂ ತತ್ವ ಇದೇ, ಫ್ಯೂಸ್ ಬಾಕ್ಸ್ ಮಾತ್ರ ಬೇರೆ ಥರ ಇರುತ್ತೆ.

ಮೊದಲು ಕರೆಂಟ್ ಹೋಗೋ ದಾರಿ

ಬ್ಯಾಟ್ರಿಯಿಂದ ಫ್ಯೂಸ್, ಫ್ಯೂಸಿಂದ ಲೈಟ್, ಲೈಟಿಂದ ಒಂದು ವೈರ್ ಬಾಗಿಲ ಪಿಲ್ಲರ್‌ನಲ್ಲಿರೋ ಡೋರ್ ಸ್ವಿಚ್‌ಗೆ. ಡೋರ್ ಸ್ವಿಚ್‌ಗೆ ಸಾಮಾನ್ಯವಾಗಿ ಒಂದೇ ವೈರ್, ಇನ್ನೊಂದು ತುದಿ ಅದನ್ನ ಹಿಡಿದಿರೋ ಸ್ಕ್ರೂ ಮೂಲಕ ಬಾಡಿಗೆ ಅರ್ತ್, ಅಂದ್ರೆ ಗಾಡಿಯ ತಗಡಿನ ಮೂಲಕ ಕರೆಂಟ್ ಬ್ಯಾಟ್ರಿಗೆ ವಾಪಸ್ ಹೋಗೋ ದಾರಿ. ಬಾಗಿಲು ತೆಗೆದ್ರೆ ಒಳಗಿನ ಪಿನ್ ಹೊರಗೆ ಬರುತ್ತೆ, ಅರ್ತ್ ಸಿಗುತ್ತೆ, ಲೈಟ್ ಉರಿಯುತ್ತೆ. ಅಂದ್ರೆ ಲೈಟ್‌ವರೆಗೆ ಯಾವಾಗ್ಲೂ ಕರೆಂಟ್ ಬಂದು ಕೂತಿರುತ್ತೆ, ಬಾಗಿಲು ಮಾಡೋದು ಅರ್ತ್ ಕೊಡೋದು ತೆಗೆಯೋದು ಅಷ್ಟೇ. ಇದು ತಲೇಲಿ ಕೂತ್ರೆ ಮುಂದಿನದೆಲ್ಲ ಸುಲಭ.

ಲೂಕಸ್ (ಗಾಡಿಗಳ ಎಲೆಕ್ಟ್ರಿಕ್ ಸಾಮಾನು ಮಾಡ್ತಿದ್ದ ಇಂಗ್ಲಿಷ್ ಕಂಪನಿ) ಪದ್ಧತಿಯ ವೈರಿಂಗಲ್ಲಿ ಕಂದು ಬಣ್ಣ ಅಂದ್ರೆ ಬ್ಯಾಟ್ರಿಯಿಂದ ಫ್ಯೂಸ್ ಇಲ್ಲದೆ ನೇರ ಬರೋದು, ನೇರಳೆ ಅಂದ್ರೆ ಫ್ಯೂಸ್ ಆಗಿ ಸದಾ ಕರೆಂಟ್ ಇರೋದು, ನೇರಳೆ ಮೇಲೆ ಬಿಳಿ ಗೆರೆ ಇದ್ರೆ ಡೋರ್ ಸ್ವಿಚ್ ಕಡೆ ಹೋಗೋದು, ಕಪ್ಪು ಅರ್ತ್. ಆದ್ರೆ ಬಣ್ಣ ನಂಬ್ಕೊಂಡು ಕತ್ತರಿ ಹಾಕ್ಬೇಡಿ. ನಮ್ಮ ಕಡೆ ಗಾಡಿಗಳು ನಾಲ್ಕೈದು ಆಟೋ ಎಲೆಕ್ಟ್ರಿಷಿಯನ್ ಕೈ ದಾಟಿ ಬಂದಿರುತ್ವೆ, ಕೈಗೆ ಸಿಕ್ಕ ವೈರ್ ಹಾಕಿ ಕೂಡಿಸಿರ್ತಾರೆ.

ಕೈ ಹಾಕೋ ಮುಂಚೆ: ಉಂಗುರ, ಕೈಗಡಿಯಾರ ತೆಗೆದಿಡಿ. ಬ್ಯಾಟ್ರಿಯಿಂದ ಬಾಡಿಗೆ ಹೋಗೋ ಕೇಬಲ್ ಮೊದಲು ಬಿಚ್ಚಿ, ಹಾಕೋವಾಗ ಅದನ್ನೇ ಕೊನೆಗೆ ಹಾಕಿ. ತುಂಬಾ ಹಳೇ ಇಂಗ್ಲಿಷ್ ವಂಶದ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರಬಹುದು, ಅದಕ್ಕೇ ಪ್ಲಸ್ಸು ಮೈನಸ್ಸು ಅಂತ ಹೇಳ್ತಿಲ್ಲ, ಯಾವುದು ಬಾಡಿಗೆ ಬೋಲ್ಟ್ ಆಗಿದೆ ಅಂತ ಕಣ್ಣಲ್ಲಿ ನೋಡಿ. ಪೆಟ್ರೋಲ್ ವಾಸನೆ ಬರ್ತಿದ್ರೆ ಅಥವಾ ಬ್ಯಾಟ್ರಿ ಚಾರ್ಜಿಗೆ ಹಾಕಿ ಈಗಷ್ಟೇ ತೆಗೆದಿದ್ರೆ ಕಿಡಿ ಹಾರೋ ಕೆಲಸ ಯಾವುದೂ ಬೇಡ, ಬಾನೆಟ್ ಎತ್ತಿ ಗಾಳಿ ಆಡೋಕೆ ಬಿಡಿ.

ಬಾಗಿಲು ಹಾಕಿದ್ರೂ ಲೈಟ್ ಆರಲ್ಲ

ಸ್ವಿಚ್ ಹಾಕೋ ಯೋಚನೆ ಸುಮಾರು ಜನಕ್ಕೆ ಬರೋದೇ ಇಲ್ಲಿಂದ. ದೋಷ ಹುಡುಕದೆ ಬರೀ ಸ್ವಿಚ್ ಹಾಕಿ ಆಫ್ ಮಾಡಿಟ್ರೆ ದೋಷ ಅಲ್ಲೇ ಇರುತ್ತೆ, ಹಾಗಾಗಿ ಮೊದಲು ಇದನ್ನ ಸರಿ ಮಾಡಿ.

ಲೈಟ್ ಮೇಲೇ ಪುಟ್ಟ ಸ್ವಿಚ್ ಇದ್ರೆ ಅದು ಪೂರ್ತಿ ಆನ್‌ನಲ್ಲಿದೆಯಾ ನೋಡಿ. ಗಾಡಿ ಒರೆಸೋವಾಗ ಬಟ್ಟೆ ತಾಗಿ ಜರುಗಿರುತ್ತೆ. ಇದಕ್ಕೆ ಖರ್ಚು ಸೊನ್ನೆ.

ಆಮೇಲೆ ಬಾಗಿಲು ತೆಗೆದು ಒಂದೊಂದೇ ಡೋರ್ ಸ್ವಿಚ್ ಪಿನ್ನನ್ನ ಬೆರಳಲ್ಲಿ ಒತ್ತಿ. ಒಂದನ್ನ ಒತ್ತಿ ಹಿಡಿದು ಉಳಿದ ಬಾಗಿಲು ಹಾಕಿದಾಗ ಲೈಟ್ ಆರಿದ್ರೆ ಆ ಸ್ವಿಚ್ ಚೆನ್ನಾಗೇ ಇದೆ, ಬಾಗಿಲು ಅದನ್ನ ಪೂರ್ತಿ ಒತ್ತುತ್ತಿಲ್ಲ ಅಂತ ಅರ್ಥ. ಕಾರಣ ಎರಡು ಇರಬಹುದು. ಹಿಂಜ್ ಸವೆದು ಬಾಗಿಲು ಜೋತು ಬಿದ್ದಿರುತ್ತೆ, ಅಥವಾ ಹೊಸದಾಗಿ ದಪ್ಪ ರಬ್ಬರ್ ಬೀಡಿಂಗ್ ಹಾಕಿಸಿದ್ದೀರಿ, ಬಾಗಿಲು ಒಂದೆರಡು ಮಿಲಿಮೀಟರ್ ಆಚೆಗೇ ನಿಲ್ಲುತ್ತೆ. ಬಾಗಿಲು ಸೆಟ್ ಮಾಡಿಸೋದು ಸರಿಯಾದ ದಾರಿ, ಅಲ್ಲೀವರೆಗೆ ಪಿನ್ ತುದಿಗೆ ರಬ್ಬರ್ ಕ್ಯಾಪ್ ಹಾಕಿದ್ರೂ ನಡೆಯುತ್ತೆ.

ಪಿನ್ ಒತ್ತಿದ್ರೂ ವಾಪಸ್ ಬರಲ್ಲ, ಒಳಗೇ ಅಂಟಿಕೊಳ್ಳುತ್ತೆ ಅಥವಾ ಹೊರಗೇ ನಿಲ್ಲುತ್ತೆ ಅಂದ್ರೆ ತುಕ್ಕು. ಮಂಗಳೂರು, ಕಾರವಾರದ ಕಡೆ ಉಪ್ಪು ಗಾಳಿಗೆ, ಮಲೆನಾಡಲ್ಲಿ ತಿಂಗಳುಗಟ್ಟಲೆ ತೇವಕ್ಕೆ ಇದು ಮಾಮೂಲಿ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ ಹತ್ತಿಪ್ಪತ್ತು ಸಲ ಒತ್ತಿ ಬಿಡಿ. ಸರಿ ಹೋಗದಿದ್ರೆ ಸ್ವಿಚ್ಚೇ ಬದಲಾಯ್ಸಿ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಳತೆಗೆ ಸರಿ ಹೊಂದೋದು ಸಿಗುತ್ತೆ, ಹಳೇದನ್ನ ಜೇಬಲ್ಲಿ ಹಾಕ್ಕೊಂಡು ಹೋಗಿ.

ಡೋರ್ ಸ್ವಿಚ್ ಬಿಚ್ಚುವಾಗ ಒಂದು ಎಚ್ಚರ: ಸ್ಕ್ರೂ ತೆಗೆದು ಹೊರಗೆ ಎಳೆದ ತಕ್ಷಣ ಆ ವೈರ್‌ಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿನ ಹೊರಗೆ ಟೇಪ್ ಹಾಕಿ ಅಂಟಿಸಿ. ಸ್ವಿಚ್‌ನಿಂದ ಲಗ್ (ವೈರ್ ತುದಿಯ ಲೋಹದ ಕ್ಲಿಪ್) ಬಿಟ್ಕೊಂಡ್ರೆ ವೈರ್ ಸೀದಾ ಪಿಲ್ಲರ್ ಒಳಗೆ ಜಾರುತ್ತೆ, ಮತ್ತೆ ಅದನ್ನ ಹೊರಗೆ ತರೋಕೆ ಒಳಗಿನ ಟ್ರಿಮ್ ಬಿಚ್ಚಬೇಕಾಗುತ್ತೆ.

ಎಲ್ಲಾ ಡೋರ್ ಸ್ವಿಚ್ ಬಿಚ್ಚಿ ವೈರ್ ತುದಿಗಳಿಗೆ ಟೇಪ್ ಸುತ್ತಿದ್ರೂ ಲೈಟ್ ಉರೀತಿದ್ರೆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗ್ತಿದೆ. ರೂಫ್ ಲೈನಿಂಗ್ ಒಳಗೋ ಪಿಲ್ಲರ್ ಒಳಗೋ ಅಂತ ಹೇಳೋಕೆ ಆಗಲ್ಲ. ಇಲ್ಲಿ ನಿಲ್ಲಿಸಿ, ಹಳೇ ಲೈನಿಂಗ್ ಎಳೆದ್ರೆ ಹರಿಯುತ್ತೆ, ಅದು ಕೆಲಸ ಗೊತ್ತಿರೋರ ಕೈಗೇ ಹೋಗ್ಲಿ.

ಬಾಗಿಲು ಹಾಕಿದ್ಮೇಲೆ ಲೈಟ್ ನಿಜವಾಗ್ಲೂ ಆರ್ತಾ ಇದೆಯಾ ಅಂತ ಅನುಮಾನ ಇದ್ರೆ ಮೊಬೈಲಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಬಾಗಿಲು ಹಾಕಿ. ಡಿಕ್ಕಿ ಲೈಟ್ ಇದ್ರೆ ಅದಕ್ಕೂ ಇದೇ ಉಪಾಯ, ಅಲ್ಲಂತೂ ಬೇರೆ ಥರ ನೋಡೋಕೇ ಆಗಲ್ಲ.

ಸ್ವಿಚ್ ಯಾವ ವೈರ್‌ಗೆ?

ಎರಡು ದಾರಿ ಇದೆ. ಫ್ಯೂಸಿಂದ ಲೈಟಿಗೆ ಬರೋ ಕರೆಂಟ್ ವೈರ್ ಕಟ್ ಮಾಡೋದು, ಇಲ್ಲಾ ಲೈಟಿಂದ ಡೋರ್ ಸ್ವಿಚ್‌ಗೆ ಹೋಗೋ ವೈರ್ ಕಟ್ ಮಾಡೋದು. ಮನೇಲೇ ಮಾಡ್ಕೊಳ್ಳೋರಿಗೆ ನಾನು ಹೇಳೋದು ಎರಡನೇದು, ಅಂದ್ರೆ ಡೋರ್ ವೈರ್. ಯಾಕೆ ಅಂದ್ರೆ ಗುಟ್ಟಿನ ಸ್ವಿಚ್ ಅಂದ್ಮೇಲೆ ಡ್ಯಾಶ್ ಕೆಳಗೆ, ತಗಡಿನ ಅಂಚುಗಳ ಪಕ್ಕ ಹೊಸ ವೈರ್ ಎಳೀಲೇಬೇಕು, ಮುಂದೆ ಒಂದು ದಿನ ಅದು ಉಜ್ಜಿ ಸಿಪ್ಪೆ ಹೋಯ್ತು ಅನ್ಕೊಳ್ಳಿ. ಡೋರ್ ವೈರ್ ಬಾಡಿಗೆ ತಾಗಿದ್ರೆ ಆಗೋದು ಇಷ್ಟೇ, ಲೈಟ್ ಹತ್ಕೊಳ್ಳುತ್ತೆ. ಮಧ್ಯೆ ಬಲ್ಬ್ ಇದೆ, ಅದಕ್ಕಿಂತ ಜಾಸ್ತಿ ಕರೆಂಟ್ ಹರಿಯೋಕೆ ಸಾಧ್ಯವೇ ಇಲ್ಲ. ಕರೆಂಟ್ ವೈರ್ ತಾಗಿದ್ರೆ ಸೀದಾ ಶಾರ್ಟ್. ಆ ಕಾಲದ ಲೂಕಸ್ ಫ್ಯೂಸ್ ಬಾಕ್ಸ್‌ನಲ್ಲಿ ಗಾಜಿನ ಫ್ಯೂಸ್ 35 ಆಂಪಿಯರ್ ಇರುತ್ತೆ, ನೀವು ಎಳೆದಿರೋ ತೆಳು ವೈರ್ ಆ ಫ್ಯೂಸ್ ಹೋಗೋ ಮುಂಚೇನೇ ಕಾದು ಹೊಗೆ ಬರಬಹುದು. ಈ ಒಂದು ವ್ಯತ್ಯಾಸಕ್ಕೆ ಗಾಡಿ ಉಳಿಯುತ್ತೆ.

ಕರೆಂಟ್ ವೈರ್‌ಗೇ ಬೇಕು, ಪೂರ್ತಿ ಬಂದ್ ಆಗ್ಬೇಕು ಅನ್ನೋರು ಬರೀ ಲೈಟಿಗೆ ಹೋಗೋ ವೈರ್ ಹೊರಡೋ ಜಾಗದಲ್ಲೇ 2 ಅಥವಾ 3 ಆಂಪಿಯರ್‌ದು ಪ್ರತ್ಯೇಕ ಇನ್‌ಲೈನ್ ಫ್ಯೂಸ್ ಹಾಕ್ಲೇಬೇಕು. ಸ್ವಿಚ್ ಹತ್ರ ಅಲ್ಲ, ವೈರ್ ಶುರುವಾಗೋ ಕಡೆ.

ಡೋರ್ ವೈರ್ ಅದೇನಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಟೆಸ್ಟ್ ಲ್ಯಾಂಪ್ (ಎರಡು ವೈರ್ ಜೋಡಿಸಿರೋ 12 ವೋಲ್ಟ್ ಪುಟ್ಟ ಬಲ್ಬ್) ಸಾಕು. ಬ್ಯಾಟ್ರಿ ಮತ್ತೆ ಕನೆಕ್ಟ್ ಮಾಡಿ, ಎಲ್ಲಾ ಬಾಗಿಲ ಪಿನ್ ಒತ್ತಿದ ಸ್ಥಿತೀಲಿ ಇಟ್ಟು, ಆ ವೈರ್‌ಗೂ ಬಾಡಿಗೂ ಮಧ್ಯೆ ಟೆಸ್ಟ್ ಲ್ಯಾಂಪ್ ಹಿಡೀರಿ. ಟೆಸ್ಟ್ ಲ್ಯಾಂಪೂ ರೂಫ್ ಲೈಟೂ ಎರಡೂ ಮಂಕಾಗಿ ಹತ್ತಿದ್ರೆ ಅದೇ ಡೋರ್ ವೈರ್, ಎರಡು ಬಲ್ಬ್ ಸಾಲಾಗಿ ಸೇರಿ ವೋಲ್ಟೇಜ್ ಹಂಚ್ಕೊಂಡಿವೆ. ಟೆಸ್ಟ್ ಲ್ಯಾಂಪ್ ಪೂರ್ತಿ ಪ್ರಕಾಶಕ್ಕೆ ಉರಿದು ರೂಫ್ ಲೈಟ್ ಅಲ್ಲಾಡದೆ ಇದ್ರೆ ಅದು ಕರೆಂಟ್ ವೈರ್, ಬಿಟ್ಬಿಡಿ. ಬರೀ ವೈರನ್ನ ಬಾಡಿಗೆ ತಾಗಿಸಿ ಕಿಡಿ ನೋಡೋ ಅಭ್ಯಾಸ ಸುಮಾರು ಜನಕ್ಕಿದೆ, ದಯವಿಟ್ಟು ಮಾಡ್ಬೇಡಿ.

ಎಲ್ಲಾ ಬಾಗಿಲ ವೈರ್‌ಗಳು ಒಂದಾಗಿ ಸೇರಿ ಲೈಟಿಗೆ ಹೋಗೋ ಜಾಗದ ಆಚೆ, ಅಂದ್ರೆ ಲೈಟ್ ಕಡೆ, ಸ್ವಿಚ್ ಬರಬೇಕು. ಲೈಟ್ ಇಲ್ಲದ, ಸಾದಾ ಆನ್ ಆಫ್ ಟಾಗಲ್ ಅಥವಾ ರಾಕರ್ ತಗೊಳ್ಳಿ, 12 ವೋಲ್ಟ್ ಡಿಸಿಗೆ ಆಗೋದು ಅಂತ ಕೇಳಿ. ವೈರ್ 0.75 ಅಥವಾ 1 ಸ್ಕ್ವೇರ್ ಎಂಎಂ ಆಟೋ ವೈರ್, ಜಾಯಿಂಟ್ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ ಅಥವಾ ಒಳ್ಳೇ ಕ್ರಿಂಪ್ ಹಾಕಿ, ಬರೀ ತಿರುಚಿ ಟೇಪ್ ಸುತ್ತಿದ್ರೆ ಒಂದು ಬೇಸಿಗೆಗೆ ಟೇಪಿನ ಗೋಂದು ಕರಗಿ ಬಿಚ್ಕೊಳ್ಳುತ್ತೆ. ತಗಡಲ್ಲಿ ತೂತು ದಾಟೋ ಕಡೆಯೆಲ್ಲ ವೈರ್ ಉಜ್ಜದ ಹಾಗೆ ರಬ್ಬರ್ ಬಳೆ, ಅಂದ್ರೆ ಗ್ರೊಮೆಟ್, ಹಾಕಿ.

ಜಾಗಕ್ಕೆ ಗ್ಲೋವ್ ಬಾಕ್ಸ್ ಒಳಗಿನ ಮೇಲ್ಭಾಗ ಅಥವಾ ಡ್ಯಾಶ್ ಕೆಳ ಅಂಚಿನ ಹಿಂದೆ ಒಂದು ಪುಟ್ಟ ಬ್ರಾಕೆಟ್ ಚೆನ್ನ. ಮೂಲ ಡ್ಯಾಶ್‌ಗೆ ತೂತು ಕೊರೆಯೋ ಅಗತ್ಯ ಇಲ್ಲ, ಈಗಾಗ್ಲೇ ಇರೋ ಸ್ಕ್ರೂ ಒಂದಕ್ಕೆ ಬ್ರಾಕೆಟ್ ಹಿಡಿಸಬಹುದು, ನಾಳೆ ಬೇಡ ಅನ್ಸಿದ್ರೆ ಗುರುತಿಲ್ಲದೆ ತೆಗೀಬಹುದು, ಹಳೇ ಗಾಡಿಗೆ ಈ ಮರ್ಯಾದೆ ಕೊಡ್ಬೇಕು. ಮ್ಯಾಟ್ ಕೆಳಗೆ ಬೇಡ, ಅಲ್ಲಿ ನೀರು ನಿಲ್ಲುತ್ತೆ. ಪೆಡಲ್, ಸ್ಟೀರಿಂಗ್ ಕಾಲಮ್, ಹ್ಯಾಂಡ್ ಬ್ರೇಕ್ ಹತ್ರ ಬೇಡವೇ ಬೇಡ.

ಸ್ವಿಚ್ ಹಾಕಿದ್ಮೇಲೆ ಅರ್ಧ ದೋಷ ತಾನಾಗೇ ಗೊತ್ತಾಗುತ್ತೆ

ಡೋರ್ ವೈರ್‌ನಲ್ಲಿ ಸ್ವಿಚ್ ಇದ್ರೆ ಸರ್ಕ್ಯೂಟ್ ಎರಡು ಭಾಗ ಆದ ಹಾಗೆ. ಮುಂದೆ ಯಾವತ್ತಾದ್ರೂ ಬಾಗಿಲು ಹಾಕಿದ್ರೂ ಲೈಟ್ ಉರೀತಿದ್ರೆ ಈ ಸ್ವಿಚ್ ಆಫ್ ಮಾಡಿ ನೋಡಿ. ಆರಿದ್ರೆ ದೋಷ ಬಾಗಿಲುಗಳ ಕಡೆ, ಪಿನ್ನೋ ಹಿಂಜೋ ನೋಡಿ. ಆರದಿದ್ರೆ ದೋಷ ಲೈಟ್ ಕಡೆ, ಒಂದೋ ಲೈಟಿನ ಸ್ವಂತ ಸ್ವಿಚ್ ಆನ್ ಆಗಿದೆ, ಇಲ್ಲಾ ಲೈಟಿಂದ ನಿಮ್ಮ ಸ್ವಿಚ್‌ವರೆಗಿನ ವೈರ್ ತಾಗ್ತಿದೆ. ಒಂದು ಸ್ಕ್ರೂ ಬಿಚ್ಚದೆ ಕೂತಲ್ಲೇ ಇಷ್ಟು ತಿಳಿಯುತ್ತೆ.

ಕಟ್ ಆಫ್ ಮಾಡಿದ್ರೂ ಲೈಟಿನ ಸ್ವಂತ ಸ್ವಿಚ್ ಆನ್ ಮಾಡಿದ್ರೆ ಉರಿಯುತ್ತೆ

ಇದು ದೋಷ ಅಲ್ಲ. ಆನ್ ಸ್ಥಾನದಲ್ಲಿ ಲೈಟಿಗೆ ಅರ್ತ್ ಸಿಗೋದು ಅದರದೇ ದಾರಿಯಲ್ಲಿ, ಡೋರ್ ವೈರ್ ಮೂಲಕ ಅಲ್ಲ. ರಾತ್ರಿ ಏನಾದ್ರೂ ಹುಡುಕೋಕೆ ಲೈಟ್ ಬೇಕಾದಾಗ ಇದೇ ಅನುಕೂಲ ಕೂಡ. ಶೋ ದಿನ ಮಾತ್ರ ಎರಡೂ ಆಫ್ ಇದೆಯಾ ನೋಡ್ಕೊಳ್ಳಿ.

ಕಟ್ ಆಫ್ ಮಾಡಿದ್ರೆ ಹಾರ್ನೂ ಹೋಗುತ್ತೆ

ಕರೆಂಟ್ ವೈರ್‌ಗೆ ಸ್ವಿಚ್ ಹಾಕಿದೋರಿಗೆ ಬರೋ ಸಮಸ್ಯೆ ಇದು. ಲೂಕಸ್ ಪದ್ಧತಿಯ ಬಹಳಷ್ಟು ಗಾಡಿಗಳಲ್ಲಿ ಹಾರ್ನೂ ಒಳಗಿನ ಲೈಟೂ ಒಂದೇ ಫ್ಯೂಸಿಂದ ಹೋಗುತ್ವೆ, ಫ್ಯೂಸ್ ಬಾಕ್ಸ್ ಹತ್ರವೇ ಕಟ್ ಮಾಡಿದ್ರೆ ಎರಡೂ ಸಾಯುತ್ವೆ. ಹಾರ್ನ್ ಇಲ್ಲದೆ ನಮ್ಮ ರಸ್ತೆಗೆ ಇಳಿಯೋದು ಅಪಾಯ, ಸರಿ ಮಾಡೋವರೆಗೂ ಸ್ವಿಚ್ ಆನ್‌ನಲ್ಲೇ ಇಟ್ಟು ಓಡಿಸಿ. ಇನ್ನೊಂದು ವಿಷ್ಯ, ಹಾರ್ನ್ ಎಳೆಯೋ ಕರೆಂಟ್ ಪೂರ್ತಿ ಆ ಪುಟ್ಟ ಸ್ವಿಚ್ ಮೂಲಕ ಹೋಗ್ತಿರುತ್ತೆ, ಒತ್ತಿ ಹಿಡಿದ್ರೆ ಸ್ವಿಚ್ ಬಿಸಿಯಾಗುತ್ತೆ. ಪರಿಹಾರ ಅಂದ್ರೆ ಹಾರ್ನ್ ವೈರ್ ಕವಲೊಡೆದ ಮೇಲಿನ ಭಾಗಕ್ಕೆ, ಬರೀ ಲೈಟಿಗೆ ಹೋಗೋ ತುಂಡಿಗೆ ಸ್ವಿಚ್ ವರ್ಗಾಯಿಸೋದು, ಇಲ್ಲಾ ಡೋರ್ ವೈರ್‌ಗೆ ಬರೋದು. ಸ್ಟೀರಿಯೋದ ಮೆಮರಿ ವೈರೂ ಅದೇ ಫ್ಯೂಸಿಂದ ಬಂದಿದ್ರೆ, ಸ್ಟೇಷನ್ನೆಲ್ಲ ಅಳಿಸಿ ಹೋಗೋಕೂ ಕಾರಣ ಇದೇ.

ಎಲ್‌ಇಡಿ ಹಾಕಿದ್ಮೇಲೆ ಪೂರ್ತಿ ಆರಲ್ಲ, ಮಿಣ ಮಿಣ ಅಂತಿರುತ್ತೆ

ಹಳೇ ಬಲ್ಬಿಗೆ ತಂತಿ ಕಾಯೋಷ್ಟು ಕರೆಂಟ್ ಬೇಕು, ಎಲ್‌ಇಡಿಗೆ ಒಂದೆರಡು ಮಿಲಿ ಆಂಪಿಯರ್ ಸಿಕ್ರೂ ಹೊಳೆಯುತ್ತೆ. ಕಟ್ ಆಫ್ ಮಾಡಿದಾಗ ಮಿಣುಕು ನಿಂತ್ರೆ ಯಾವುದೋ ಡೋರ್ ಸ್ವಿಚ್ ಒಳಗೆ ತೇವ ಸೇರಿ ಕರೆಂಟ್ ಸೋರ್ತಿದೆ, ಮಳೆಗಾಲದಲ್ಲಿ ಜಾಸ್ತಿ ಕಾಣ್ಸುತ್ತೆ, ಒಣಗಿಸಿ ರಬ್ಬರ್ ಬೂಟ್ ಹರಿದಿದ್ರೆ ಹೊಸದು ಹಾಕಿ. ಕಟ್ ಆಫ್ ಮಾಡಿದ್ರೂ ಮಿಣುಕ್ತಾ ಇದ್ರೆ ಮೊದಲು ನೋಡ್ಬೇಕಾದ್ದು ನೀವು ಹಾಕಿರೋ ಸ್ವಿಚ್ಚೇ, ಅದರೊಳಗೆ ಚಿಕ್ಕ ದೀಪ ಇರೋ ಮಾದರಿ ಆದ್ರೆ ಆ ದೀಪದ ಮೂಲಕವೇ ಕರೆಂಟ್ ಹರೀತಿರುತ್ತೆ. ಸಾದಾ ಸ್ವಿಚ್ ಹಾಕಿದ್ರೆ ಮುಗೀತು.

ಎಲ್‌ಇಡಿ ಹೊಸದಾಗಿ ಹಾಕಿ ಒಂಚೂರೂ ಹತ್ತದಿದ್ರೆ ತೆಗೆದು ತಿರುಗಿಸಿ ಹಾಕಿ, ಪ್ಲಸ್ ಮೈನಸ್ ಅದಲು ಬದಲಾಗಿರುತ್ತೆ.

ಲೈಟ್ ಬರೋದೇ ಇಲ್ಲ

ಮೊದಲು ಗುಟ್ಟಿನ ಸ್ವಿಚ್ ಆನ್ ಇದೆಯಾ ನೋಡಿ. ಹೇಳೋಕೆ ಸಣ್ಣ ಮಾತು, ಆದ್ರೆ ಗಾಡಿ ಅಣ್ಣನಿಂದ ತಮ್ಮನ ಕೈಗೆ ಬಂದಾಗ, ಇಲ್ಲಾ ಹೊಸ ಮೆಕ್ಯಾನಿಕ್ ಹತ್ರ ಹೋದಾಗ, ಇಂಥ ಸ್ವಿಚ್ ಇದೆ ಅಂತಲೇ ಗೊತ್ತಿಲ್ಲದೆ ಚೆನ್ನಾಗಿರೋ ವೈರಿಂಗೆಲ್ಲ ಬಿಚ್ಚಿ ಹಾಕ್ತಾರೆ. ಸ್ವಿಚ್ ಹಾಕಿದ ದಿನವೇ ಎಲ್ಲಿದೆ, ಯಾವ ವೈರ್, ಏನು ಬಣ್ಣ ಅಂತ ಒಂದು ಚೀಟಿ ಬರೆದು ಆರ್‌ಸಿ ಜೊತೆ ಇಟ್ಬಿಡಿ.

ಆಮೇಲೆ ಬಲ್ಬ್. ಎರಡೂ ತುದಿ ಮೊನೆ ಇರೋ ಉದ್ದ ಬಲ್ಬ್ ಆದ್ರೆ ಹಿಡಿದಿರೋ ಪಟ್ಟಿಗಳು ಸಡಿಲ ಆಗಿರುತ್ವೆ, ಬ್ಯಾಟ್ರಿ ಬಿಚ್ಚಿ ಒಂಚೂರು ಒಳಕ್ಕೆ ಬಗ್ಗಿಸಿ, ಹಸಿರು ಕಿಲುಬು ಇದ್ರೆ ಉಜ್ಜಿ ತೆಗೀರಿ. 5 ವ್ಯಾಟ್ ಇದ್ದ ಕಡೆ ಬೆಳಕು ಸಾಲಲ್ಲ ಅಂತ 10 ವ್ಯಾಟ್ ಹಾಕ್ಬೇಡಿ, ಹಳೇ ಪ್ಲಾಸ್ಟಿಕ್ ಕವರ್ ಕರಗುತ್ತೆ.

ಲೈಟಿನ ಸ್ವಂತ ಸ್ವಿಚ್‌ನಲ್ಲಿ ಉರೀತಿದೆ, ಬಾಗಿಲಿಗೆ ಮಾತ್ರ ಬರಲ್ಲ ಅಂದ್ರೆ ಫ್ಯೂಸ್, ಬಲ್ಬ್ ಎರಡೂ ಸರಿ ಇವೆ. ಗಾಡಿಗೆ ಈಗಷ್ಟೇ ಪೇಂಟ್ ಮಾಡಿಸಿದ್ದೀರಾ? ಹಾಗಿದ್ರೆ ತೊಂಬತ್ತು ಪಾಲು ಉತ್ತರ ಅಲ್ಲೇ ಇದೆ. ಪಿಲ್ಲರ್ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಕೂತು ಡೋರ್ ಸ್ವಿಚ್‌ಗೆ ಬಾಡಿ ಅರ್ತೇ ಸಿಗ್ತಿಲ್ಲ. ಸ್ವಿಚ್ ಬಿಚ್ಚಿ, ಅದು ಮುಚ್ಕೊಳ್ಳೋ ಜಾಗದ ಒಳಗೇ, ಹೊರಗೆ ಕಾಣದ ಹಾಗೆ ಸ್ಕ್ರೂ ತೂತಿನ ಸುತ್ತ ಬರೀ ತಗಡು ಕಾಣೋವರೆಗೆ ಕೆರೆದು, ತುಕ್ಕು ಹಿಡೀದಿರಲಿ ಅಂತ ಒಂಚೂರು ಪೆಟ್ರೋಲಿಯಂ ಜೆಲ್ಲಿ ಸವರಿ ಮತ್ತೆ ಹಾಕಿ. ಹಿಂದಿನ ಬಾಗಿಲಿಗೆ ಮಾತ್ರ ಬರ್ತಿಲ್ಲ ಅಂದ್ರೆ ಅಲ್ಲಿ ಸ್ವಿಚ್ ಇದೆಯಾ ಅಂತ ಮೊದಲು ನೋಡಿ, ಎಷ್ಟೋ ಹಳೇ ಗಾಡಿಗಳಲ್ಲಿ ಮುಂದಿನ ಬಾಗಿಲಿಗೆ ಮಾತ್ರ ಕೊಟ್ಟಿರ್ತಾರೆ.

ಹಂಪ್ ಹತ್ತಿ ಇಳಿದ್ರೆ ಮಿಣುಕಿದ್ರೆ ಲೂಸ್ ಕನೆಕ್ಷನ್, ಬಲ್ಬ್ ಹೋಲ್ಡರ್ ಮತ್ತೆ ನಿಮ್ಮ ಹೊಸ ಲಗ್‌ಗಳನ್ನ ಎಳೆದು ನೋಡಿ.

ಫ್ಯೂಸ್ ಹೋಗುತ್ತೆ, ಅಥವಾ ಸುಟ್ಟ ವಾಸನೆ

ಒಂದು ಸಲ ಹೋದ್ರೆ ಅದೇ ಅಳತೆಯ ಹೊಸ ಫ್ಯೂಸ್ ಹಾಕಿ ನೋಡಬಹುದು. ಮತ್ತೆ ಹೋಯ್ತಾ, ಮೂರನೇದು ಹಾಕ್ಬೇಡಿ. ದೊಡ್ಡ ಫ್ಯೂಸಂತೂ ಬೇಡ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತೋದು, ತಂತಿ ಕಟ್ಟೋದು ಬೆಂಕಿಗೆ ದಾರಿ. ವಾಸನೆ ಬಂದ್ರೆ ಅಥವಾ ಸ್ವಿಚ್ ಮುಟ್ಟಿದಾಗ ಬಿಸಿ ಇದ್ರೆ ತಕ್ಷಣ ಬ್ಯಾಟ್ರಿ ಕೇಬಲ್ ಬಿಚ್ಚಿ, ಬರೀ ಒಳಗಿನ ಲೈಟಿಗೆ ಸ್ವಿಚ್ ಬಿಸಿಯಾಗೋ ಕಾರಣವೇ ಇಲ್ಲ. ಹಳೇ ಬಟ್ಟೆ ಹೊದಿಕೆಯ ವೈರ್ ಬಗ್ಗಿಸಿದ್ರೆ ಪುಡಿ ಉದುರ್ತಿದೆಯಾ ನೋಡಿ, ಉದುರ್ತಿದ್ರೆ ಅಂಥ ವೈರ್‌ಗೆ ಹೊಸ ಜಾಯಿಂಟ್ ಹಾಕೋದೇ ತಪ್ಪು, ಹಾರ್ನೆಸ್, ಅಂದ್ರೆ ಗಾಡಿಯ ವೈರಿಂಗ್ ಕಟ್ಟು, ಪೂರ್ತಿ ಬದಲಾಯಿಸೋ ಕಾಲ ಬಂದಿದೆ.

ಎಲ್ಲಾ ಆಫ್ ಮಾಡಿದ್ರೂ ಬೆಳಿಗ್ಗೆ ಸೆಲ್ಫ್ ಹೊಡೆಯಲ್ಲ

ಕಟ್ ಆಫ್ ಮಾಡಿ, ಒಳಗಿನ ಲೈಟ್ ಆರಿದೆ ಅಂತ ಖಾತ್ರಿ ಮಾಡ್ಕೊಂಡ ಮೇಲೂ ಬ್ಯಾಟ್ರಿ ಇಳೀತಿದ್ರೆ ತಪ್ಪು ಆ ಲೈಟಿಂದಲ್ಲ. ಮೊದಲು ಟರ್ಮಿನಲ್ ಉಜ್ಜಿ ಬಿಗಿ ಮಾಡಿ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ವೋಲ್ಟೇಜ್ ನೋಡಿ, 12.6 ಇದ್ರೆ ಪೂರ್ತಿ ಚಾರ್ಜ್, 12.2 ಅಂದ್ರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಖಾಲಿ. ಚೆನ್ನಾಗಿ ಚಾರ್ಜ್ ಮಾಡಿ, ಕೇಬಲ್ ಬಿಚ್ಚಿ ಬೇರೆ ಇಟ್ರೂ ಒಂದೆರಡು ದಿನದಲ್ಲಿ ಇಳಿದ್ರೆ ಬ್ಯಾಟ್ರಿಯೇ ಮುಗಿದಿದೆ.

ಬ್ಯಾಟ್ರಿ ಚೆನ್ನಾಗಿದ್ರೆ ಅರ್ತ್ ಕೇಬಲ್ ಬಿಚ್ಚಿ ಕೇಬಲ್‌ಗೂ ಟರ್ಮಿನಲ್‌ಗೂ ಮಧ್ಯೆ ಮಲ್ಟಿಮೀಟರ್ 10 ಆಂಪಿಯರ್ ಸಾಕೆಟ್‌ನಲ್ಲಿ ಹಾಕಿ. ಅದಕ್ಕೂ ಮುಂಚೆ ಅಲ್ಲೇ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ, ಜೋರಾಗಿ ಉರಿದ್ರೆ ದೊಡ್ಡ ಸೋರಿಕೆ ಇದೆ, ಮೀಟರ್ ಹಾಳಾಗುತ್ತೆ. ಮೀಟರ್ ಇರೋವಾಗ ಸೆಲ್ಫ್ ಹೊಡೀಲೇಬೇಡಿ. ಕಾರ್ಬ್ಯುರೇಟರ್ ಕಾಲದ ಗಾಡಿಗೆ, ಗಡಿಯಾರ ಸ್ಟೀರಿಯೋ ಏನೂ ಇಲ್ಲದಿದ್ರೆ, ಸೊನ್ನೆ ಹತ್ರ ತೋರಿಸ್ಬೇಕು. ಸ್ಟೀರಿಯೋ ಮೆಮರಿಗೆ ಕೆಲವು ಮಿಲಿ ಆಂಪಿಯರ್ ಹೋಗಬಹುದು. 0.4 ಆಂಪಿಯರ್ ಹತ್ರ ಕಂಡ್ರೆ ಎಲ್ಲೋ ಒಂದು 5 ವ್ಯಾಟ್ ಬಲ್ಬ್ ಉರೀತಿದೆ, ಡಿಕ್ಕಿ ನೋಡಿ. ಇಲ್ಲಾಂದ್ರೆ ಒಂದೊಂದೇ ಫ್ಯೂಸ್ ತೆಗೀತಾ ಹೋಗಿ, ಯಾವುದು ತೆಗೆದಾಗ ಮೀಟರ್ ಇಳಿಯುತ್ತೋ ಆ ಲೈನು.

ಯಾವ ಫ್ಯೂಸ್ ತೆಗೆದ್ರೂ ಇಳೀದಿದ್ರೆ ಚಾರ್ಜಿಂಗ್ ಕಡೆ ಹೋಗಿ. ಆಲ್ಟರ್ನೇಟರ್ ಇದ್ರೆ ಅದರೊಳಗಿನ ಡಯೋಡ್ (ಕರೆಂಟನ್ನ ಒಂದೇ ಕಡೆ ಬಿಡೋ ಭಾಗ) ಹೋಗಿರಬಹುದು. ಡೈನಮೋ ಇರೋ ಗಾಡೀಲಿ ರೆಗ್ಯುಲೇಟರ್ ಬಾಕ್ಸ್ ಒಳಗಿನ ಕಟ್ ಔಟ್ ಪಾಯಿಂಟ್ ಅಂಟಿಕೊಂಡ್ರೆ ಎಂಜಿನ್ ನಿಂತ ಮೇಲೂ ಬ್ಯಾಟ್ರಿ ಡೈನಮೋಗೆ ಹರೀತಾನೇ ಇರುತ್ತೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೂ ಡೈನಮೋ ಮೈ ಬೆಚ್ಚಗಿದ್ರೆ ಅದೇ ಗುರುತು, ಆ ಕ್ಷಣಕ್ಕೇ ಬ್ಯಾಟ್ರಿ ಬಿಚ್ಚಿ. ಆ ಪಾಯಿಂಟ್‌ಗಳನ್ನ ಮನೇಲಿ ಕೆದಕೋಕೆ ಹೋಗ್ಬೇಡಿ, ಡೈನಮೋ ಕೆಲಸ ಗೊತ್ತಿರೋ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ರ ಒಯ್ದು, ಸ್ವಿಚ್ಚಿನ ಚೀಟಿನೂ ಅವರ ಕೈಗೆ ಕೊಟ್ಟು, ಯಾವ ಫ್ಯೂಸ್ ತೆಗೆದಾಗ ಮೀಟರ್ ಎಷ್ಟು ತೋರಿಸ್ತು ಅಂತ ಹೇಳಿ.